ಸಹಾಯ ಬೇಕು: ಫಿಸಿಕ್ಸ್ ಪರೀಕ್ಷೆಗೆ 12 ದಿನ, ಉರುಳುವ ಗೋಲಿ ತಲೆಗೆ ಹತ್ತುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಬಿಎಸ್ಸಿ ಮೊದಲ ಸೆಮಿಸ್ಟರ್. ಮುಳಬಾಗಿಲಿನಿಂದ ದಿನಾ ಬಸ್ಸಲ್ಲಿ ಓಡಾಟ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ.

ನ್ಯೂಟನ್ ನಿಯಮ, ಕೆಲಸ, ಶಕ್ತಿ ಹೇಗೋ ಆಗುತ್ತದೆ. ಮೊಮೆಂಟ್ ಆಫ್ ಇನರ್ಶಿಯಾ (ಒಂದು ವಸ್ತುವನ್ನು ತಿರುಗಿಸುವುದು ಎಷ್ಟು ಕಷ್ಟ ಅನ್ನುವ ಅಳತೆ) ಬಂದ ಕೂಡಲೇ ಕೈಕಾಲು ಆಡುವುದಿಲ್ಲ. ಬಳೆಗೆ ಎಂಆರ್ ಸ್ಕ್ವೇರ್ (ದ್ರವ್ಯರಾಶಿ ಗುಣಿಸು ತ್ರಿಜ್ಯದ ವರ್ಗ), ಗಟ್ಟಿ ಗೋಲಕ್ಕೆ ಅದರ 2/5 ಅಂತ ಬಾಯಿಪಾಠ ಬರುತ್ತದೆ. ಇಳಿಜಾರಿನಲ್ಲಿ ಎರಡೂ ಜಾರದೆ ಉರುಳಿದರೆ, ತೂಕ ಎಷ್ಟೇ ಇರಲಿ, ಗೋಲವೇ ಮೊದಲು ತಲುಪುತ್ತದಂತೆ. ನಂಬಿಕೆ ಬರಲಿಲ್ಲ. ಅಮ್ಮನ ಗಾಜಿನ ಬಳೆ, ತಮ್ಮನ ಗೋಲಿ ತಂದು ಹಲಗೆ ಮೇಲೆ ಬಿಟ್ಟು ನೋಡಿದೆ. ಗೋಲಿಯೇ ಗೆದ್ದಿತು. ಬಳೆ ಒಡೆಯಿತು, ಬೈಗುಳವೂ ಸಿಕ್ಕಿತು.

ನನ್ನ ಗೊಂದಲ ಇಷ್ಟು. ಗೋಲಿಯನ್ನು ತಿರುಗಿಸುವುದೇ ಘರ್ಷಣೆ. ಆದರೂ ಲೆಕ್ಕದಲ್ಲಿ ಶಕ್ತಿ ನಷ್ಟವಿಲ್ಲ ಅನ್ನುತ್ತಾರೆ. ಘರ್ಷಣೆ ಇದ್ದರೆ ಬಿಸಿ ಆಗಬೇಕು ಅಲ್ವಾ? 'ನೆಲ ಮುಟ್ಟುವ ಬಿಂದು ಆ ಕ್ಷಣ ನಿಂತೇ ಇರುತ್ತದೆ' ಅಂತ ಮೇಷ್ಟ್ರು ಒಂದೇ ಮಾತಲ್ಲಿ ಮುಗಿಸಿದರು. ಉರುಳುವ ಗೋಲಿಯಲ್ಲಿ ನಿಂತ ಬಿಂದು ಎಲ್ಲಿಂದ ಬಂತು? ಸುಮ್ನೆ ತಲೆಯಾಡಿಸಿ ಬಂದೆ.

ಯಾರಾದರೂ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೀರಾ? ಯಾವ ಲೆಕ್ಕಕ್ಕೆ ಶಕ್ತಿಯ ದಾರಿ, ಯಾವುದಕ್ಕೆ ಟಾರ್ಕ್ (ಬಲದ ತಿರುಗಿಸುವ ಪರಿಣಾಮ) ಅಂತ ಗುರುತಿಸುವುದೂ ಗೊತ್ತಾಗಬೇಕು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಹಳೇ ಪ್ರಶ್ನೆಪತ್ರಿಕೆ ಇದ್ದರೆ ಫೋಟೊ ಹಾಕಿ ಅಣ್ಣ, ಅಕ್ಕ. ಭಾನುವಾರ ಕೋಲಾರದಲ್ಲಿ ಒಂದು ಗಂಟೆ ಕೂತು ಹೇಳಿಕೊಡುವವರಿದ್ದರೆ ನಾನೇ ಬರುತ್ತೇನೆ. ಗೋಲಿ ತರುತ್ತೇನೆ, ಬಳೆ ಮಾತ್ರ ಕೇಳಬೇಡಿ.