ಪದಚರ್ಚೆ: ‘ಟಿಶ್ಯೂ ರಿಪೇರಿ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಜಯನಗರದ ಒಂದು ಕ್ಲಿನಿಕ್ಕಿನ ಡ್ರೆಸ್ಸಿಂಗ್ ರೂಮಿಗೆ ಗೋಡೆ ಬೋರ್ಡು ಕನ್ನಡಕ್ಕೆ ತರ್ತಿದೀನಿ. ನಾಳೆ ಹನ್ನೊಂದಕ್ಕೆ ಪ್ರೆಸ್ಸಿಗೆ ಹೋಗಬೇಕು. ತಲೆಬರಹ ‘ಟಿಶ್ಯೂ ರಿಪೇರಿ’. ನಿಘಂಟು ಹಿಡಿದರೆ ‘ಅಂಗಾಂಶ ದುರಸ್ತಿ’ ಆಗುತ್ತೆ, ಓದಿದರೆ ಪಂಪ್‌ಸೆಟ್ ನೆನಪಾಗುತ್ತೆ. ಒಳಗೆ ‘ಗ್ರಾನ್ಯುಲೇಷನ್ ಟಿಶ್ಯೂ’ ಬೇರೆ ಇದೆ, ಗಾಯ ತುಂಬಿಕೊಳ್ಳುವಾಗ ತಳದಲ್ಲಿ ಬೆಳೆಯುತ್ತಲ್ಲ, ಅದು. ದಯವಿಟ್ಟು ಬೇಗ ಹೇಳಿ.

* * *

ದುರಸ್ತಿ ಪಾರಸಿ, ಅಂಗಾಂಶ ಸಂಸ್ಕೃತ. ಎರಡೂ ಬೇಡ. ‘ಮಾಯುವಿಕೆ’ ಅಂತ ಯಾರಾದರೂ ಹೇಳಿಯಾರು, ಅದೂ ಬೇಡ: ಮಾಯು ಬಂದದ್ದು ಸಂಸ್ಕೃತದ ಮಾಯೆಯಿಂದ. ‘ಗಾಯಗೂಡಿಕೆ’ ಎಂದು ಬರೆಯಿರಿ. ಗಾಯ ಅಚ್ಚಗನ್ನಡ, ಚರ್ಚೆ ಬೇಕಿಲ್ಲ.

* * *

ಚರ್ಚೆ ಬೇಕು ಸ್ವಾಮಿ. ಗಾಯವೇ ಹೊರಗಿನದು: ಸಂಸ್ಕೃತದ ಘಾತ ಪ್ರಾಕೃತದಲ್ಲಿ ಸವೆದು ಬಂದ ತದ್ಭವ. ಮರಾಠಿಯ ಘಾವ್ ಅದರ ದಾಯಾದಿ. ಅಚ್ಚಗನ್ನಡವೇ ಬೇಕಿದ್ದರೆ ಹುಣ್ಣಿದೆ, ಹಳಗನ್ನಡದ ಪುಣ್. ಇನ್ನು ಮಾಯು: ತಮಿಳಲ್ಲೂ ಮಾಯ್ ಇದೆ, ಇಲ್ಲವಾಗು, ಸಾಯು ಅನ್ನುವ ಅರ್ಥದಲ್ಲಿ. ಸದ್ದು ಕೂಡಿತೆಂದು ಮಾಯೆಯ ಜತೆ ನೆಂಟಸ್ತಿಕೆ ಕಟ್ಟಬೇಡಿ.

ಕೇಳಿದವರಿಗೆ: ರೋಗಶಾಸ್ತ್ರದವರು ಎರಡು ಸಂಗತಿ ಬೇರೆಬೇರೆ ಇಡುತ್ತಾರೆ: ಮೊದಲಿದ್ದದ್ದೇ ಮತ್ತೆ ಬೆಳೆಯುವುದು, ಅದರ ಬದಲು ತೇಪೆ ಬೀಳುವುದು. ಮೊಣಕೈ ತರಚಿದರೆ ಮೇಲ್ಚರ್ಮ ಮೊದಲಿನಂತೆಯೇ ಬೆಳೆದುಕೊಳ್ಳುತ್ತೆ. ಯಕೃತ್ತಿನಲ್ಲಿ ಮೂರರಲ್ಲಿ ಎರಡು ಪಾಲು ಕತ್ತರಿಸಿದರೂ ಗಾತ್ರ ತುಂಬಿಕೊಳ್ಳುತ್ತೆ. ಆಳವಾಗಿ ಕೊಯ್ದ ಚರ್ಮ, ಹೃದಯಾಘಾತದಲ್ಲಿ ಸತ್ತ ಸ್ನಾಯು ಹಾಗಲ್ಲ, ಅಲ್ಲಿ ಬೀಳುವುದು ಕೊಲಾಜೆನ್ ಅನ್ನುವ ನಾರಿನಂಥ ಪ್ರೋಟೀನಿನ ತೇಪೆ. ಚರ್ಮದ ತೇಪೆ ತಿಂಗಳುಗಟ್ಟಲೆ ಗಟ್ಟಿಯಾಗುತ್ತಾ ಹೋದರೂ ಮೊದಲಿನ ಬಲದ ಸುಮಾರು ಶೇ 80ಕ್ಕೆ ನಿಲ್ಲುತ್ತೆ. ನಮ್ಮ ‘ಮಾಯು’ ಈ ಎರಡಕ್ಕೂ ಒಗ್ಗುತ್ತೆ, ದುರಸ್ತಿ ಒಗ್ಗಲ್ಲ.

ಗ್ರಾನ್ಯುಲೇಷನ್‌ಗೆ ‘ಕಣಾಂಕುರ’ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡ್ತೀನಿ. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ, ಹಿಮ್ಮಡಿಯ ಹುಣ್ಣಿಗೆ ಆರು ವಾರ ಡ್ರೆಸ್ಸಿಂಗ್. ಒಂದು ದಿನ ಸಿಸ್ಟರ್ ಗಾಜ್ ಬಿಚ್ಚಿ, ‘ನೋಡಿ ಅಜ್ಜಿ, ಕೆಂಪಗೆ ಹೊಸ ಮಾಂಸ ಬರ್ತಿದೆ’ ಅಂದರು. ಬಗ್ಗಿ ನೋಡಿದೆ: ಒದ್ದೆಯಾಗಿ, ಕಾಳುಕಾಳಾಗಿ, ದಾಳಿಂಬೆ ಬಿಡಿಸಿದ ಹಾಗೆ. ಆ ಕಾಳೆಲ್ಲ ಹೊಸದಾಗಿ ಚಿಗುರಿದ ರಕ್ತನಾಳದ ಕುಣಿಕೆಗಳು. ಹತ್ತಿ ಸೋಕಿದರೂ ರಕ್ತ ಜಿನುಗುವುದು ಅದಕ್ಕೇ. ‘ಹೊಸ ಮಾಂಸ’ ಅಂತಲೇ ಬರೆಯಿರಿ. ಸ್ಕ್ಯಾಬ್ ಬಂದರೆ ಹಕ್ಕಳೆ. ಕೀಳಬೇಡಿ ಅಂತಲೂ ಒಂದು ಸಾಲು ಸೇರಿಸಿ, ಪುಣ್ಯ ಬರುತ್ತೆ.

* * *

ಮಾಂಸವೂ ಸಂಸ್ಕೃತ. ಹಳಗನ್ನಡದಲ್ಲಿ ‘ಅಡಗು’ ಇದೆ.

* * *

‘ಹೊಸ ಅಡಗು ಬರ್ತಿದೆ’ ಅಂತ ಬೋರ್ಡಿಗೆ ಹಾಕಿದರೆ ಹಕಾರ ಬಿಟ್ಟುಹೋಗಿದೆ ಅಂದ್ಕೋತಾರೆ ಸ್ವಾಮಿ. ಬೆಂಗಳೂರಿಗೆ ಹಡಗು!

* * *

ಎಲ್ಲರಿಗೂ ಥ್ಯಾಂಕ್ಸ್. ‘ಗಾಯ ಮಾಯುವ ಬಗೆ’ ಅಂತ ಕಳಿಸಿದ್ದೆ. ಡಿಟಿಪಿಯವರು ನನ್ನದೇ ತಪ್ಪಿರಬೇಕು ಅಂದುಕೊಂಡು ‘ಗಾಯ ಮಾಯವಾಗುವ ಬಗೆ’ ಅಂತ ತಿದ್ದಿ ಪ್ರೂಫ್ ಕಳಿಸಿದಾರೆ. ಫೋನ್ ಎತ್ತುತ್ತಿಲ್ಲ. ಚಾಮರಾಜಪೇಟೆಗೆ ಹೊರಟೆ.