ಅಪ್‌ಡೇಟ್: ಮಳೆ ಅಳೆಯುವ ಬೋರ್ಡ್ ಈಗ ತಾನಾಗಿಯೇ ಎದ್ದೇಳುತ್ತಿದೆ

ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದಲ್ಲಿ ಮಳೆ ಅಳೆಯುವ ಲಿನಕ್ಸ್ ಬೋರ್ಡ್ (ಪುಟ್ಟ ಕಂಪ್ಯೂಟರ್) ವಿದ್ಯುತ್ ಏರುಪೇರಾದಾಗಲೆಲ್ಲ ಸ್ತಬ್ಧವಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಚಿಪ್ಪಿನೊಳಗಿನ ವಾಚ್‌ಡಾಗ್ ಟೈಮರ್ (ಗಡುವಿನೊಳಗೆ ಸೂಚನೆ ಬಾರದಿದ್ದರೆ ಬೋರ್ಡನ್ನು ರೀಬೂಟ್ ಮಾಡುವ ಎಣಿಕೆಯಂತ್ರ) ಬಳಸಿ ಎಂದವರ ಸಲಹೆಯೇ ಫಲಿಸಿತು. ಅವರಿಗೆ ತುಂಬು ಹೃದಯದ ಧನ್ಯವಾದ.

ಪ್ರತಿ ರಾತ್ರಿ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಮೂಲಕ ರೀಬೂಟ್ ಮಾಡಿಸುವುದು ಕೈಹಿಡಿಯಲಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ಲೇ ನಿಂತ ಮೇಲೆ ಕ್ರಾನ್ ಓಡುವುದೆಲ್ಲಿ? ಸಾಫ್ಟ್‌ವೇರಿನಲ್ಲೇ ವಾಚ್‌ಡಾಗ್ ಕೆಲಸ ಮಾಡುವ ಸಾಫ್ಟ್‌ಡಾಗ್ ಡ್ರೈವರ್ ಕೂಡ ಅಷ್ಟೇ. ಅದು ಕರ್ನಲ್ಲಿನ ಟೈಮರನ್ನೇ ನೆಚ್ಚಿಕೊಂಡಿದೆ. ಪ್ರೋಗ್ರಾಂ ಸತ್ತರೆ ಎಬ್ಬಿಸುತ್ತದೆ, ಕರ್ನಲ್ ಪೂರ್ತಿ ಸಿಕ್ಕಿಕೊಂಡರೆ ತಾನೂ ಸಿಕ್ಕಿಕೊಳ್ಳುತ್ತದೆ.

ಚಿಪ್ಪಿನೊಳಗಿನ ಟೈಮರಿನ ಹಾರ್ಡ್‌ವೇರ್ ಡ್ರೈವರ್ ಹಾಕಿದ ಮೇಲೆ ಒಂದು ಸಂಗತಿ ಅಚ್ಚರಿ ತಂದಿತು. ವಾಚ್‌ಡಾಗ್ ಸಾಧನದ ಫೈಲನ್ನು ತೆರೆದ ಕ್ಷಣದಿಂದಲೇ ಎಣಿಕೆ ಶುರುವಾಗುತ್ತದೆ. ಗಡುವು ಮುಗಿಯುವ ಮೊದಲು ಅದಕ್ಕೆ ಏನಾದರೂ ಬರೆಯುತ್ತಲೇ ಇರಬೇಕು. ಪರೀಕ್ಷೆಗೆಂದು ಹಾಗೆ ಬರೆಯುವ ಪ್ರೋಗ್ರಾಮನ್ನು ಬಲವಂತವಾಗಿ ನಿಲ್ಲಿಸಿದೆ, ಸ್ವಲ್ಪ ಹೊತ್ತಿನಲ್ಲೇ ಬೋರ್ಡ್ ರೀಬೂಟ್ ಆಯಿತು! ಫೈಲ್ ಮುಚ್ಚುವ ಮುನ್ನ ಇಂಗ್ಲಿಷಿನ ದೊಡ್ಡ ‘ವಿ’ ಅಕ್ಷರ ಬರೆದರೆ ಮಾತ್ರ ಟೈಮರ್ ನಿಲ್ಲುತ್ತದೆ, ಇದು ಈ ಸೌಲಭ್ಯವಿರುವ ಡ್ರೈವರುಗಳ ಮಾತು. ಒಮ್ಮೆ ಶುರುವಾದ ಟೈಮರನ್ನು ನಿಲ್ಲಿಸಲು ಬಿಡದ ‘ನೋವೇಔಟ್’ ಆಯ್ಕೆ ಹಾಕಿದರೆ ಅದಕ್ಕೂ ಜಗ್ಗುವುದಿಲ್ಲ. ಜಡಿಮಳೆಯಲ್ಲಿ ಯಾರೂ ಹೋಗಲಾಗದ ತೋಟದ ಮೂಲೆಗೆ ಅದೇ ಸರಿ ಎಂದು ನಾನು ಹಾಕಿಯೇ ಬಿಟ್ಟೆ.

ಯುಪಿಎಸ್ ಅಳವಡಿಸುವ ಸಲಹೆಯನ್ನು ಇನ್ನೂ ಪ್ರಯತ್ನಿಸಿಲ್ಲ.