ಪ್ಲೇಗಿಗೆ ಅಂಗಿ, ಅಜ್ಜಿಗೆ ಹೋಳಿಗೆ: ಎರಡೂ ಒಂದೇನಾ?

ಸಂಡೂರು ಹುಡುಗಿ:
ಜಾನಪದ ಸೆಮಿನಾರಿಗೆ ರೊಮೇನಿಯಾದ ಬಗ್ಗೆ ಓದುತ್ತಿದ್ದೇನೆ. ಅಲ್ಲಿ ಪ್ಲೇಗಿನ ಹೆಸರು ‘ಚೂಮ’. ಹಳ್ಳಿಯವರ ಕಣ್ಣಿಗೆ ಅವಳು ಊರೂರು ಅಲೆಯುವ ಕುರೂಪಿ ಮುದುಕಿ. ಅವಳು ಹತ್ತಿರ ಬಂದಳು ಅಂದರೆ ಹೆಂಗಸರು ಸೇರಿ ಒಂದೇ ರಾತ್ರಿಯಲ್ಲಿ ನಾರು ನೂತು, ಬಟ್ಟೆ ನೇಯ್ದು, ಅಂಗಿ ಹೊಲಿದು ಊರ ಗಡಿಯಲ್ಲಿ ಇಟ್ಟು ಬರುತ್ತಿದ್ದರಂತೆ. ಓದಿದ ಕೂಡಲೇ, ರೋಗದ ದೇವತೆಯನ್ನು ಅಜ್ಜಿ ಅಂತ ಕರೆದು ಊರಾಚೆ ಕಳಿಸುವ ನಮ್ಮ ಅಜ್ಜಿ ಹಬ್ಬ ನೆನಪಾಯ್ತು. ಅಮ್ಮ ಆಷಾಢದಲ್ಲಿ ಹೋಳಿಗೆ ಮಾಡಿ, ಮೊರದಲ್ಲಿ ಬೇವಿನ ಸೊಪ್ಪು, ಬಳೆ ಜೊತೆ ಇಟ್ಟು ಊರಾಚೆ ಬಿಟ್ಟು ಬರುತ್ತಾರಲ್ಲ, ಅದೇ. ಎರಡೂ ಒಂದೇ ಅಂತ ಬರೆದರೆ ಮೇಷ್ಟ್ರು ಬೈಯ್ತಾರಾ?

ಸಿರುಗುಪ್ಪದವ:
ಬೈಯಲೇಬೇಕು! ನಮಗೆ ಆ ಅಜ್ಜಿ ಅಮ್ಮ, ದೇವತೆ. ಮೈಮೇಲೆ ಗುಳ್ಳೆ ಎದ್ದರೂ ‘ಅಮ್ಮ ಆಗಿದೆ’ ಅಂತೀವಿ, ಉಣ್ಣಿಸಿ ಕಳಿಸ್ತೀವಿ. ಅಲ್ಲಿ ಚೂಮನಿಗೆ ಪೂಜೆ ಇಲ್ಲ. ಪೂಜೆ ಹರಲಾಂಬಿಯೆ ಅನ್ನೋ ಸಂತನಿಗೆ, ಫೆಬ್ರವರಿ 10 ಅವನ ಹಬ್ಬ. ಚಿತ್ರಗಳಲ್ಲಿ ಅವನು ಆ ಮುದುಕಿಯನ್ನು ಸರಪಳಿ ಹಾಕಿ ಹಿಡಿದಿರುತ್ತಾನೆ. ನಮ್ಮೂರಲ್ಲಿ ಅಮ್ಮನಿಗೆ ಸರಪಳಿ ಹಾಕ್ತೀನಿ ಅಂದು ನೋಡಿ, ಅಷ್ಟೇ! ಆದರೆ ಗಡಿ ದಾಟಿಸೋ ಯೋಚನೆ ಮಾತ್ರ ಒಂದೇ, ಅದನ್ನು ಬಿಡಬೇಡಿ.

ತುಂಗಭದ್ರಾ ದಂಡೆ:
ಬರೀ ಮುದುಕಿ ಕಥೆಗೆ ನಿಲ್ಲಬೇಡಿ. ಈಗ ರೊಮೇನಿಯಾದ ರಾಜಧಾನಿಯಾಗಿರುವ ಬುಕಾರೆಸ್ಟಿನಲ್ಲಿ 1813-14ರಲ್ಲಿ ಬಂದ ಪ್ಲೇಗಿಗೆ ಇವತ್ತಿಗೂ ‘ಕರಾಜನ ಪ್ಲೇಗು’ ಅಂತಲೇ ಹೆಸರು. ಯೊಆನ್ ಕರಾಜ 1812ರಲ್ಲಿ ಇಸ್ತಾಂಬುಲಿನಿಂದ ಬಂದು ಬುಕಾರೆಸ್ಟ್ ಸೇರಿದ್ದ ವಲಾಕಿಯಾ ಸೀಮೆಯ ದೊರೆಯಾದವನು. ಬೇರೆ ಏನು ಮಾಡಿದನೋ, ಜನ ನೆನಪಿಟ್ಟಿದ್ದು ಇದನ್ನೇ. ಅಲ್ಲಿನ ಹೆಣ ಹೊರುವವರ ಬಗ್ಗೆ ಒಂದು ಕಥೆ ಉಳಿದಿದೆ: ‘ಇವತ್ತು 15 ಹೆಣ ಸಿಕ್ಕವು, ಹೂಳಿದ್ದು 14, ಒಂದು ಎದ್ದು ಓಡಿಹೋಯ್ತು’ ಅಂತ ಲೆಕ್ಕ ಒಪ್ಪಿಸಿದ್ದರಂತೆ. ನಗು ಬರುತ್ತೆ, ಆಮೇಲೆ ಹೊಟ್ಟೆಯೊಳಗೆ ಕಲಸಿದಂತಾಗುತ್ತೆ.
ನಮ್ಮಲ್ಲಿ ಪ್ಲೇಗಿಗೆ ಯಾವ ಕಲೆಕ್ಟರ್ ಹೆಸರೂ ಅಂಟಲಿಲ್ಲ, ಸುಮ್ನೆ ಪ್ಲೇಗಮ್ಮ ಆದಳು. ನಮ್ಮ ಮುತ್ತಾತನಿಗೆ ಹುಟ್ಟಿದ ವರ್ಷ ಗೊತ್ತಿರಲಿಲ್ಲ, ‘ಊರು ಬಿಟ್ಟು ಹೊಲದಾಗ ಗುಡ್ಲು ಹಾಕಿದ್ರಲ್ಲ, ಆವಾಗ ಹುಟ್ಟೀನಿ’ ಅನ್ನುತ್ತಿದ್ದನಂತೆ. ನಿಮ್ಮ ಮನೆಯ ಹಿರಿಯರನ್ನೂ ಕೇಳಿ, ಸೆಮಿನಾರಿಗೆ ಅದೇ ಜಾಸ್ತಿ ತೂಕ.

ಸಂಡೂರು ಹುಡುಗಿ:
ಅಮ್ಮನಿಗೆ ಎಲ್ಲಾ ಓದಿ ಹೇಳಿದೆ. ಸರಪಳಿ ವಿಷಯ ಅವರಿಗೆ ಒಂಚೂರೂ ಹಿಡಿಸಲಿಲ್ಲ. ಅಂಗಿ ಬಗ್ಗೆ ಮಾತ್ರ ಒಂದೇ ಪ್ರಶ್ನೆ: ‘ಆಕಿ ಅಳತಿ ಯಾರ್ ತಗಂಡಿದ್ರಂತ?’